ಟೋಪಿ ಎಲ್ಲಿ?

ಕೇಳುಗರಿಗೆಲ್ಲ ನಮಸ್ಕಾರ.

ನಾನು ಬೀದರಿನವಳು. ಡಾಕ್ಟರಿಕೆ ಓದಲಿಕ್ಕೆ ಅಂತ ಹೋಗಿ ಆರು ವರ್ಷ ರಷ್ಯಾದ ಟ್ವೇರ್ ಎಂಬ ಊರಿನಲ್ಲಿದ್ದೆ. ಮಾಸ್ಕೋದಿಂದ ಪೀಟರ್ಸ್‌ಬರ್ಗ್ ಕಡೆಗೆ ಹೋಗುವ ರೈಲು ಹತ್ತಿದರೆ ಎರಡು ತಾಸಿನೊಳಗೆ ಸಿಗುವ ಊರು. ನಡುವೆ ವೋಲ್ಗಾ ನದಿ. ಅದರ ದಂಡೆಯ ಮೇಲೆ, ದೋಣಿಯಾಕಾರದ ಪೀಠದ ಮೇಲೆ, ಗಡ್ಡದ ಮನುಷ್ಯನೊಬ್ಬನ ಕಂಚಿನ ಪ್ರತಿಮೆ ಇದೆ. 1955ರಲ್ಲಿ ನಿಲ್ಲಿಸಿದ್ದು. ಆತನ ಹೆಸರು ಅಫನಾಸಿ ನಿಕಿತಿನ್. ಸುಮಾರು 550 ವರ್ಷಗಳ ಹಿಂದೆ ಈ ಟ್ವೇರ್‌ನಿಂದ ಹೊರಟು, ಒಂದು ಕುದುರೆ ಹಿಡಿದುಕೊಂಡು ಬಹಮನಿ ಸುಲ್ತಾನರ ಬೀದರಿಗೆ ಬಂದ ವ್ಯಾಪಾರಿ. ಹಾಗಾಗಿ ನಾನು ಅಲ್ಲಿಗೆ ಹೋದದ್ದನ್ನು ಬೀಗರ ಮನೆಗೆ ಮರುಭೇಟಿ ಅಂತಲೇ ಹೇಳುತ್ತಿದ್ದೆ.

ನಮ್ಮ ದೇಶದಲ್ಲಿ ತಾನು ಎಲ್ಲಿ ಹೋದರೂ ಜನ ಹಿಂದೆ ಬರುತ್ತಿದ್ದರು, ಬಿಳಿ ಮನುಷ್ಯನನ್ನು ಕಂಡು ಬೆರಗಾಗುತ್ತಿದ್ದರು ಅಂತ ನಿಕಿತಿನ್ ಬರೆದಿಟ್ಟಿದ್ದಾನೆ. ಅವನ ಊರಿನಲ್ಲಿ ನನಗೆ ಅಂಥ ಮರ್ಯಾದೆ ಸಿಗಲಿಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲರ ಮುಖವೂ ಬಿಗಿ. ಎದುರು ಬಂದವರಿಗೆ ನಾನು ಒಂದು ನಗು ಕೊಟ್ಟರೆ, ಅವರು ತಮ್ಮ ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡುತ್ತಿದ್ದರು. ಕಾರಣವಿಲ್ಲದ ನಗು ದಡ್ಡರ ಗುರುತು ಅಂತ ಅವರಲ್ಲಿ ಗಾದೆಯೇ ಇದೆ. ಇದು ನನಗೆ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಎಷ್ಟು ಜನರ ಕಣ್ಣಲ್ಲಿ ದಡ್ಡಿಯಾಗಿದ್ದೆನೋ!

ಹಾಗಾದರೆ ಆ ಊರಿನಲ್ಲಿ ಗುರುತಿಲ್ಲದವರು ನನ್ನ ಜೊತೆ ಮೊದಲು ಆಡಿದ ಮಾತು ಯಾವುದು? ಬೈಗುಳ.

ನವೆಂಬರ್ ತಿಂಗಳು. ಬಸ್ ನಿಲ್ದಾಣ. ಆಗಷ್ಟೇ ಹಿಮ ಬೀಳಲು ಶುರುವಾಗಿತ್ತು. ನಾನು ಮೊದಲ ಹಿಮ ನೋಡುತ್ತ ಬಾಯಿ ಬಿಟ್ಟು ನಿಂತಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ತಲೆ ನೋಡಿ, 'ಗ್ದೇ ಶಾಪ್ಕಾ?' ಅಂದರು. ಟೋಪಿ ಎಲ್ಲಿ ಅಂತ. ನಾನು ಪೆಚ್ಚು ಮೋರೆ ಹಾಕಿದೆ. ಅವರು ಬಿಡಲಿಲ್ಲ. ಬಸ್ಸು ಬರುವವರೆಗೂ ಬೈದರು. ಅರ್ಥವಾದದ್ದು ಎರಡೇ ಪದ, 'ಟೋಪಿ' ಮತ್ತು 'ಅಮ್ಮ'. ನಿಮ್ಮಮ್ಮ ಹೇಳಿಕೊಟ್ಟಿಲ್ಲವಾ ಅಂತ ಕೇಳಿರಬೇಕು. ನಮ್ಮಲ್ಲಿ ಟೋಪಿ ಹಾಕುವವರನ್ನು ಬೈಯುತ್ತೇವೆ, ಅಲ್ಲಿ ಹಾಕದವರನ್ನು ಬೈಯುತ್ತಾರೆ.

ಎರಡನೆಯ ಬೈಗುಳ ಬಿದ್ದದ್ದು ಕೋಟು ಇಡುವ ಕೋಣೆಯಲ್ಲಿ. ಕಾಲೇಜು, ರಂಗಮಂದಿರ, ಆಸ್ಪತ್ರೆ, ಎಲ್ಲ ಕಡೆ ಬಾಗಿಲ ಬಳಿ 'ಗಾರ್ದೆರೋಬ್' ಅಂತ ಇರುತ್ತದೆ. ದಪ್ಪ ಕೋಟನ್ನು ಅಲ್ಲಿ ಬಿಚ್ಚಿ ಕೊಟ್ಟು, ನಂಬರಿನ ಬಿಲ್ಲೆ ಪಡೆದು ಒಳಗೆ ಹೋಗಬೇಕು. ಕೋಟಿನ ಕತ್ತಿನ ಹತ್ತಿರ ಮೊಳೆಗೆ ಸಿಕ್ಕಿಸಲು ಒಂದು ಕುಣಿಕೆ ಇರಬೇಕು. ನನ್ನದು ಹರಿದಿತ್ತು. ಕೋಟು ತೆಗೆದುಕೊಳ್ಳುವ ಹೆಂಗಸು ಅದನ್ನು ಎತ್ತಿ ಹಿಡಿದು ಹಿಂದಿದ್ದವರಿಗೆಲ್ಲ ತೋರಿಸಿದರು. 'ಇಷ್ಟು ದೊಡ್ಡ ಹುಡುಗಿ, ಸೂಜಿ ಹಿಡಿಯಲು ಬರಲ್ಲವಾ?' ನಾಚಿಕೆಯಿಂದ ಸತ್ತೇ ಹೋದೆ. ಸಂಜೆ ಕೋಟು ವಾಪಸು ಪಡೆದಾಗ ಕುಣಿಕೆ ಹೊಲಿದಿತ್ತು. ಕಪ್ಪು ಕೋಟಿಗೆ ಕೆಂಪು ದಾರ. ಆ ಹೆಂಗಸು ನನ್ನ ಮುಖ ಕೂಡ ನೋಡಲಿಲ್ಲ.

ಅವತ್ತಿನಿಂದ ನನಗೆ ಆ ಊರಿನ ಮರ್ಮ ಒಂದಿಷ್ಟು ಹತ್ತಿತು. ಬೈಯುತ್ತಿದ್ದಾರೆ ಅಂದರೆ ನಿಮ್ಮನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಮೆಟ್ಟಿಲ ಮೇಲೆ ಕೂತರೆ ಎಬ್ಬಿಸುತ್ತಾರೆ. ತಣ್ಣನೆಯ ಕಲ್ಲಿನ ಮೇಲೆ ಹುಡುಗಿಯರು ಕೂತರೆ ಮಕ್ಕಳಾಗಲ್ಲವಂತೆ. ಎದುರುಬದುರು ಕಿಟಕಿ ಬಾಗಿಲು ತೆರೆದು ಗಾಳಿ ಸುಳಿದರೆ ಅದಕ್ಕೊಂದು ಹೆಸರೇ ಇದೆ, 'ಸ್ಕ್ವಜ್ನ್ಯಾಕ್'. ಕತ್ತು ನೋವಿನಿಂದ ಹಿಡಿದು ಎಲ್ಲ ಕಾಯಿಲೆಗೂ ಅದೇ ಕಾರಣವಂತೆ. ನಮಗೆ ವೈರಸ್ಸಿನ ಪಾಠ ಮಾಡುತ್ತಿದ್ದ ಮೇಷ್ಟರು ಕೂಡ ಗಾಳಿ ಬಂತು ಅಂದರೆ ಪಾಠ ನಿಲ್ಲಿಸಿ ಹೋಗಿ ಬಾಗಿಲು ಹಾಕುತ್ತಿದ್ದರು.

ಕಾಗದ ಪತ್ರಗಳ ವಿಷಯ ಹೆಚ್ಚು ಹೇಳುವುದಿಲ್ಲ. ಹೊರದೇಶದವರು ಸಾಮಾನ್ಯವಾಗಿ 7 ಕೆಲಸದ ದಿನಗಳೊಳಗೆ ತಾವಿರುವ ವಿಳಾಸವನ್ನು ದಾಖಲು ಮಾಡಿಸಬೇಕು. ಅದಕ್ಕೆ ಮನೆ ಮಾಲೀಕರು ಒಪ್ಪಬೇಕು. ಯುಕ್ರೇನ್ ಮೇಲಿನ ಯುದ್ಧ ಶುರುವಾದ ಮೇಲೆ, 2022ರ ಮಾರ್ಚ್‌ನಿಂದ, ಊರಿನಿಂದ ತಂದ ವೀಸಾ, ಮಾಸ್ಟರ್‌ಕಾರ್ಡ್‌ಗಳು ಅಲ್ಲಿ ನಡೆಯುವುದಿಲ್ಲ. ಮನೆಯಿಂದ ಹಣ ತರಿಸುವುದೇ ಒಂದು ಗೋಳು.

ಆದರೆ ಸರದಿಯ ವಿಷಯ ಹೇಳಲೇಬೇಕು. ಸರ್ಕಾರಿ ದವಾಖಾನೆಗೆ ಹೋಗಿ. ಮೊದಲು ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ತೊಡಬೇಕು. ಒಳಗೆ ಡಾಕ್ಟರ ಕೋಣೆಯ ಮುಂದೆ ಸಾಲೇ ಇರುವುದಿಲ್ಲ. ಒಬ್ಬರು ಕುರ್ಚಿಯಲ್ಲಿ, ಒಬ್ಬರು ಕಿಟಕಿ ಹತ್ತಿರ, ಇನ್ನೊಬ್ಬರು ಗೋಡೆಗೆ ಒರಗಿಕೊಂಡು. ಸಾಲು ಇಲ್ಲ ಅಂತ ಬಾಗಿಲಿಗೆ ಕೈ ಹಾಕಿದಿರೋ, ಕೆಟ್ಟಿರಿ! ಬಂದ ಕೂಡಲೇ ಗಟ್ಟಿಯಾಗಿ 'ಕೊನೆಯವರು ಯಾರು?' ಅಂತ ಕೇಳಬೇಕು. ಯಾರೋ 'ನಾನು' ಅನ್ನುತ್ತಾರೆ. ಈಗ ನೀವು ಅವರ ಹಿಂದಿನವರು. ನಿಮ್ಮ ನಂತರ ಬಂದವರಿಗೆ 'ನಾನು' ಅಂತ ಹೇಳಿದರೆ ಮುಗಿಯಿತು, ಹೋಗಿ ಚಹಾ ಕುಡಿದು ಬರಬಹುದು. ಸಾಲು ಇರುವುದು ಜನರ ನೆನಪಿನಲ್ಲಿ. ಈಗೀಗ ಎಷ್ಟೋ ಕಡೆ ಟೋಕನ್ ಯಂತ್ರ ಬಂದಿದೆ. ಆದರೂ ಜನ ಟೋಕನ್ ಕೈಯಲ್ಲಿಟ್ಟುಕೊಂಡೇ ಕೊನೆಯವರು ಯಾರು ಅಂತ ಕೇಳುತ್ತಾರೆ. ಇದನ್ನು ಮುರಿಯುವ ಮಂತ್ರವೂ ಒಂದಿದೆ: 'ಮ್ನೇ ತೋಲ್ಕಾ ಸ್ಪ್ರಸೀತ್', ಅಂದರೆ 'ಸುಮ್ನೆ ಒಂದು ಮಾತು ಕೇಳೋದಿತ್ತು'. ಹಾಗಂದು ಒಳಗೆ ಹೋದವರು ಅರ್ಧ ತಾಸು ಹೊರಗೆ ಬರುವುದಿಲ್ಲ. ಇದನ್ನು ಕೇಳಿದಾಗ ನನಗೆ ನಮ್ಮ ತಹಶೀಲ್ದಾರ್ ಕಚೇರಿಯೇ ಕಣ್ಣ ಮುಂದೆ ಬಂತು.

ಎರಡನೆಯ ವರ್ಷ ಹಾಸ್ಟೆಲ್ ಬಿಟ್ಟು ಒಬ್ಬ ಅಜ್ಜಿಯ ಮನೆಯಲ್ಲಿ ಕೋಣೆ ಹಿಡಿದೆ. ಲಿಫ್ಟಿಲ್ಲದ ಐದು ಅಂತಸ್ತಿನ ಹಳೆಯ ಕಟ್ಟಡ. ಸೋವಿಯತ್ ನಾಯಕ ಕ್ರುಶ್ಚೋವ್ ಕಾಲದಲ್ಲಿ ದೇಶದ ತುಂಬ ಒಂದೇ ಅಚ್ಚಿನಲ್ಲಿ ಕಟ್ಟಿದ್ದು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ, ಆದರೆ ಮನೆಗೆ ಬಂದವರೆಲ್ಲ ಕೂರುವುದು ಅಲ್ಲೇ. ಚಪ್ಪಲಿ ಹೊರಗೆ ಬಿಡುವುದು ನಮಗೆ ಹೊಸದಲ್ಲ. ಅಲ್ಲಿ ಬೂಟು ಬಾಗಿಲ ಒಳಗೆ ಬಿಟ್ಟು, ಮನೆಯವರು ಕೊಟ್ಟ ಮೆತ್ತನೆಯ ಚಪ್ಪಲಿ ಮೆಟ್ಟಬೇಕು. ಬರಿಗಾಲಲ್ಲಿ ಓಡಾಡಿದರೆ ಮತ್ತೆ ಬೈಗುಳ. ಹೊಸ್ತಿಲ ಮೇಲೆ ನಿಂತು ಏನನ್ನೂ ಕೊಡುವ ಹಾಗಿಲ್ಲ, ಕೈ ಕುಲುಕುವ ಹಾಗೂ ಇಲ್ಲ. ಇದಕ್ಕೆ ನನಗೆ ಯಾರೂ ಕಾರಣ ಹೇಳಬೇಕಾಗಲಿಲ್ಲ. ನಾವು ಹೊಸ್ತಿಲ ಮೇಲೆ ಕೂತರೆ ನಮ್ಮಜ್ಜಿ ಬೆನ್ನಿಗೆ ಒಂದು ಕೊಡುತ್ತಿದ್ದಳು.

ಇಡೀ ಊರಿಗೆ ಬಿಸಿನೀರು, ಬಿಸಿ ಕೊಳವೆ ಎಲ್ಲ ಒಂದೇ ಕಡೆಯಿಂದ ಬರುತ್ತದೆ. ಹೊರಗಿನ ಸರಾಸರಿ ಉಷ್ಣತೆ ಐದು ದಿನ ಸತತ 8 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಮನೆ ಬೆಚ್ಚಗಾಗಿಸಲು ಶುರು ಮಾಡುತ್ತಾರೆ. ಹಾಗಾಗಿ ಚಳಿ ಜಾಸ್ತಿ ಕಾಡುವುದು ಜನವರಿಯಲ್ಲಲ್ಲ, ಆ ಐದು ದಿನ ಎಣಿಸುವಾಗ. ಬೇಸಿಗೆಯಲ್ಲಿ ಕೊಳವೆ ರಿಪೇರಿಗೆ ಅಂತ 14 ದಿನದವರೆಗೆ ಬಿಸಿನೀರು ನಿಲ್ಲುತ್ತದೆ. ಅಕ್ಕಪಕ್ಕದವರೆಲ್ಲ ಅಯ್ಯೋ ಅನ್ನುತ್ತಿದ್ದರೆ ನಾನು ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ತಂಬಿಗೆಯಲ್ಲಿ ಸುರಿದುಕೊಳ್ಳುತ್ತಿದ್ದೆ. ಅಜ್ಜಿಗೆ ಆ ತಂಬಿಗೆ ತುಂಬ ಹಿಡಿಸಿತು.

ಅಜ್ಜಿಗೆ ಊರಾಚೆ ಒಂದು 'ದಾಚಾ' ಇತ್ತು. ಆರು 'ಸೋತ್ಕಾ' ಜಾಗ, ಅಂದರೆ 600 ಚದರ ಮೀಟರ್. ಅದರಲ್ಲೊಂದು ಮರದ ಮನೆ, ಉಳಿದದ್ದೆಲ್ಲ ಕೈತೋಟ. ಮೇ ತಿಂಗಳ ರಜೆಯಲ್ಲಿ ಆಲೂಗಡ್ಡೆ ನೆಡುವುದು ಹಬ್ಬದ ಹಾಗೆ. ಅಲ್ಲಿ ಮಡಿ ತುಂಬ ಬೆಳೆದಿತ್ತು 'ಉಕ್ರೋಪ್'. ಬೇರೆ ದೇಶದ ಗೆಳೆಯರೆಲ್ಲ ಈ ಸೊಪ್ಪಿನ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದರು. ಸಾರಿನಲ್ಲಿ, ಆಲೂಗಡ್ಡೆಯ ಮೇಲೆ, ಉಪ್ಪಿನಕಾಯಿಯಲ್ಲಿ, ಎಲ್ಲದರಲ್ಲೂ ಅದೇ. ನಾನು ಮೂಸಿ ನೋಡಿದೆ. ನಮ್ಮ ಸಬ್ಬಸಿಗೆ! ಒಂದು ಕಟ್ಟು ಕಿತ್ತು, ಹೆಸರುಬೇಳೆ ಹಾಕಿ ಪಲ್ಯ ಮಾಡಿಕೊಟ್ಟೆ. ಅಜ್ಜಿ ಹೌಹಾರಿದರು. 'ಇಷ್ಟೊಂದು ಉಕ್ರೋಪ್ ಯಾರಾದರೂ ತಿಂತಾರಾ?' ರಷ್ಯಾದವರಿಗೇ ಸಬ್ಬಸಿಗೆ ಹೆಚ್ಚಾಯಿತು ಅನಿಸುವ ಹಾಗೆ ಮಾಡಿದವಳು ನಾನೊಬ್ಬಳೇ ಇರಬೇಕು.

ಭಾಷೆ ಅಷ್ಟೇನೂ ಕಾಡಲಿಲ್ಲ. 'ನಾನು ವಿದ್ಯಾರ್ಥಿ' ಅನ್ನುವ ಹಾಗೆ ಅವರೂ 'ಯಾ ಸ್ತುದೆಂತ್ಕಾ' ಅನ್ನುತ್ತಾರೆ, ಎರಡೇ ಪದ. ನೀವು, ನೀನು ಅನ್ನುವ ಭೇದವೂ ಇದೆ, 'ವೀ' ಮತ್ತು 'ತೀ'. ದೊಡ್ಡವರನ್ನು ಹೆಸರಿನ ಜೊತೆ ತಂದೆಯ ಹೆಸರು ಸೇರಿಸಿ ಕರೆಯಬೇಕು. ಗಗನಯಾತ್ರಿ ಗಗಾರಿನ್ ಯೂರಿ ಅಲೆಕ್ಸೇಯೆವಿಚ್, ಅಂದರೆ ಅಲೆಕ್ಸೇಯ್ ಅವರ ಮಗ ಯೂರಿ. ನಮ್ಮ ಕಡೆಯೂ ಅಪ್ಪನ ಹೆಸರು ನಡುವೆ ಬರುತ್ತದೆ, ಅಲ್ವಾ? ಅಜ್ಜಿ ನನ್ನಪ್ಪನ ಹೆಸರಿಗೆ, ಮಗಳು ಅನ್ನುವ ಅರ್ಥದಲ್ಲಿ, 'ಒವ್ನಾ' ಅಂತ ಬಾಲ ಅಂಟಿಸಿ ನನ್ನನ್ನು ಕರೆಯುತ್ತಿದ್ದರು. ಜೊತೆಗೆ 'ವೀ'. ಒಂದು ಜನವರಿಯ ರಾತ್ರಿ ನನಗೆ ಜ್ವರ ಬಂತು. ಅಜ್ಜಿ ಹಾಲಿಗೆ ಜೇನು ಹಾಕಿ ತಂದರು. ಲೋಟ ಕೈಗಿಟ್ಟು, 'ಕುಡಿ. ಕಿಟಕಿ ಹತ್ತಿರ ಕೂತು ಓದಬೇಡ ಅಂತ ಹೇಳಿರಲಿಲ್ಲವಾ?' ಅಂದರು. ಅದು 'ತೀ' ಆಗಿತ್ತು. ಅಲ್ಲಿಂದ ಮುಂದೆ 'ಒವ್ನಾ' ಮತ್ತೆ ಕೇಳಲಿಲ್ಲ.

ಓದು ಮುಗಿಸಿ ಹೊರಟದ್ದು ಜುಲೈನಲ್ಲಿ. ಪ್ರಯಾಣಕ್ಕೆ ಮೊದಲು ಎಲ್ಲರೂ ಒಂದು ಗಳಿಗೆ ಮಾತಿಲ್ಲದೆ ಕೂರಬೇಕು. ನಾನು ಪೆಟ್ಟಿಗೆಯ ಮೇಲೆ, ಅಜ್ಜಿ ಸ್ಟೂಲಿನ ಮೇಲೆ ಕೂತೆವು. ಎದ್ದು ಬಾಗಿಲು ದಾಟಿದೆ. ಅಜ್ಜಿ ಉಪ್ಪಿನಕಾಯಿ ಜಾಡಿ ಹಿಡಿದು ಬಂದರು. ನಾನು ಹೊರಗಿನಿಂದಲೇ ಕೈ ಚಾಚಿದೆ. 'ಹೊಸ್ತಿಲು!' ಅಂತ ಗದರಿದರು. ಒಳಗೆ ಬಂದೆ. ಹೊರಟವರು ಮರಳಿ ಬಂದರೆ ಕನ್ನಡಿ ನೋಡಿಕೊಂಡು ಹೋಗಬೇಕಂತೆ. ಭುಜ ಹಿಡಿದು ಕನ್ನಡಿ ಮುಂದೆ ನಿಲ್ಲಿಸಿದರು. ಇಬ್ಬರ ಕಣ್ಣೂ ಕೆಂಪಾಗಿತ್ತು. ಅಜ್ಜಿ ಕನ್ನಡಿಯಲ್ಲೇ ನನ್ನನ್ನು ಒಂದು ಸಲ ನೋಡಿ ಕೇಳಿದರು:

'ಹೊರಗೆ ಇಷ್ಟು ಬಿಸಿಲಿದೆ. ಟೋಪಿ ಎಲ್ಲಿ?'