ಅಣಕು ಪರೀಕ್ಷೆಗೂ ಒಂದು ದಿನಾಂಕವಿರಲಿ

ಅಧ್ಯಕ್ಷರೇ, ಪ್ರಾಂಶುಪಾಲ ಮಿತ್ರರೇ, ಭಾನುವಾರದ ನಿದ್ದೆಯನ್ನು ಬಿಟ್ಟು ಬಂದಿರುವ ಪ್ರಶಿಕ್ಷಣಾರ್ಥಿಗಳೇ,

ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಬೇಕೇ ಬೇಡವೇ ಎಂಬ ಚರ್ಚೆಯನ್ನು ನಾನಿಲ್ಲಿ ಎತ್ತುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ 2010ರಲ್ಲಿಯೇ, ಆಗಸ್ಟ್ 23ರ ಅಧಿಸೂಚನೆಯ ಮೂಲಕ, ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) ಅದನ್ನು ಒಂದರಿಂದ ಎಂಟನೆಯ ತರಗತಿಯವರೆಗಿನ ಶಿಕ್ಷಕರ ಕನಿಷ್ಠ ಅರ್ಹತೆಯೊಳಗೆ ಸೇರಿಸಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಹಳಬರೂ ಎರಡು ವರ್ಷದೊಳಗೆ ಅದರಲ್ಲಿ ತೇರ್ಗಡೆಯಾಗಬೇಕೆಂದು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲಂತೂ, ತಾವೇ ಪಾಠ ಹೇಳಿದ ಹುಡುಗರ ಬಳಿ ಗೈಡು ಎರವಲು ಕೇಳುವ ಮೇಷ್ಟ್ರುಗಳನ್ನು ನಾನು ಕಂಡಿದ್ದೇನೆ. ನನ್ನ ಮಾತೆಲ್ಲ ಆ ಪರೀಕ್ಷೆಗೆ ಮೊದಲು ನಾವು ನಮ್ಮ ಕಾಲೇಜುಗಳಲ್ಲಿ ನಡೆಸುವ, ಅಥವಾ ನಡೆಸುತ್ತೇವೆಂದು ಹೇಳಿಕೊಳ್ಳುವ, ಅಣಕು ಪರೀಕ್ಷೆಯನ್ನು ಕುರಿತದ್ದು. ಅದರಲ್ಲಿಯೂ ಅದರ ದಿನಾಂಕವನ್ನು ಕುರಿತದ್ದು.

'ಅಣಕು' ಎಂಬ ಹೆಸರಿನಲ್ಲಿಯೇ ದೋಷವಿದೆಯೇನೋ, ಅದನ್ನು ಯಾರೂ ಗಂಭೀರವಾಗಿ ಎಣಿಸುವುದಿಲ್ಲ. ನಾನೂ ಎಣಿಸಿರಲಿಲ್ಲ. ಈ ಜವಾಬ್ದಾರಿ ನನ್ನ ಪಾಲಿಗೆ ಬಂದ ಮೊದಲ ವರ್ಷ ನಾನು ದಿನಾಂಕವನ್ನು ಮೂರು ಸಲ ಮುಂದೂಡಿದೆ: ಒಮ್ಮೆ ಇಂಟರ್ನ್‌ಶಿಪ್ಪಿನ ನೆಪ, ಒಮ್ಮೆ ಸಾಂಸ್ಕೃತಿಕ ಸ್ಪರ್ಧೆ, ಇನ್ನೊಮ್ಮೆ ಪ್ರಶ್ನೆಪತ್ರಿಕೆಯ ಜೆರಾಕ್ಸ್ ಆಗಿರಲಿಲ್ಲ. ನಾಲ್ಕನೆಯ ದಿನಾಂಕದ ಹೊತ್ತಿಗೆ ತರಗತಿಯ ಅರ್ಧದಷ್ಟು ಮಂದಿಯೂ ಬರಲಿಲ್ಲ. ಅವರನ್ನು ದೂರುವ ಮುಖ ನನಗಿರಲಿಲ್ಲ.

ಬಂದವರಲ್ಲಿ ಒಬ್ಬ ಹುಡುಗಿಯ ಕಥೆಯನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ; ಕೇಳಿದವರು ಕ್ಷಮಿಸಬೇಕು. ಓದಿನಲ್ಲಿ ಮುಂದಿದ್ದ ಆಕೆ ಉತ್ತರಗಳನ್ನೆಲ್ಲ ಪ್ರಶ್ನೆಪುಸ್ತಿಕೆಯಲ್ಲಿಯೇ ಗುರುತು ಮಾಡಿಕೊಂಡು, ಕೊನೆಯ ಇಪ್ಪತ್ತು ನಿಮಿಷದಲ್ಲಿ ಓಎಂಆರ್ ಹಾಳೆಗೆ, ಅಂದರೆ ಉತ್ತರದ ವೃತ್ತಗಳನ್ನು ಶಾಯಿಯಿಂದ ತುಂಬುವ ಉತ್ತರಪತ್ರಿಕೆಗೆ, ಇಳಿಸತೊಡಗಿದಳು. 47ನೆಯ ಪ್ರಶ್ನೆಯನ್ನು ಆಮೇಲೆ ನೋಡೋಣವೆಂದು ಬಿಟ್ಟಿದ್ದಳು. ಹಾಳೆಯಲ್ಲಿ ಆ ಸಾಲನ್ನು ಬಿಡಲು ಮರೆತು, 48ರ ಉತ್ತರವನ್ನು 47ರ ಮುಂದೆ, 49ರದನ್ನು 48ರ ಮುಂದೆ, ಹೀಗೆ ಒಂದೊಂದು ಮನೆ ಮೇಲಕ್ಕೆ ತುಂಬುತ್ತ ಹೋದಳು. 150ನೆಯ ಸಾಲು ಖಾಲಿ ಉಳಿದಾಗಲೇ ಗೊತ್ತಾದದ್ದು. ಬಾಲ್ ಪೆನ್ನಿನ ಶಾಯಿ, ಅಳಿಸುವಂತಿಲ್ಲ. ಉಳಿದದ್ದು ಮೂರು ನಿಮಿಷ. ಪುಸ್ತಿಕೆಯ ಪ್ರಕಾರ ಆಕೆಗೆ 104 ಅಂಕ, ಹಾಳೆಯ ಪ್ರಕಾರ 59. ತೇರ್ಗಡೆಗೆ ಸಾಮಾನ್ಯ ವರ್ಗದವರಿಗೆ 90 ಬೇಕು. ಆಕೆ ಡೆಸ್ಕಿಗೆ ತಲೆಯಾನಿಸಿ ಅಳುತ್ತಿದ್ದರೆ, ನನಗೆ ಮಾತ್ರ ಒಳಗೊಳಗೇ ಸಮಾಧಾನವಾಗುತ್ತಿತ್ತು: ಆಗಬೇಕಾದದ್ದು ನಮ್ಮ ಕೊಠಡಿಯಲ್ಲಿಯೇ ಆಗಿಹೋಯಿತಲ್ಲ! ಆದರೆ ನಾಲ್ಕನೆಯ ದಿನಾಂಕಕ್ಕೆ ಬಾರದೆ ಹೋದವರಲ್ಲಿ ಇಂಥದೇ ಅಭ್ಯಾಸದವರು ಎಷ್ಟು ಮಂದಿ ಇದ್ದರೋ ಎಂಬ ಯೋಚನೆ ಆ ರಾತ್ರಿ ನನ್ನನ್ನು ಬಿಡಲಿಲ್ಲ. ಆದ್ದರಿಂದ ಹೇಳುತ್ತೇನೆ, ದಿನಾಂಕವನ್ನು ಮುಂದೂಡಬೇಡಿ.

ಹೊತ್ತಿನ ವಿಷಯವೂ ಅಷ್ಟೇ ಮುಖ್ಯ. ನಮ್ಮಲ್ಲಿ ಒಂದರಿಂದ ಐದನೆಯ ತರಗತಿಯವರಿಗೆ ಕಲಿಸುವವರ ಮೊದಲ ಪತ್ರಿಕೆ ಬೆಳಿಗ್ಗೆ ಒಂಬತ್ತೂವರೆಗೆ, ಆರರಿಂದ ಎಂಟನೆಯ ತರಗತಿಯವರಿಗೆ ಕಲಿಸುವವರ ಎರಡನೆಯ ಪತ್ರಿಕೆ ಮಧ್ಯಾಹ್ನ ಎರಡಕ್ಕೆ ಶುರುವಾಗುವುದು ವಾಡಿಕೆ. ನಾವಾದರೋ ನಮ್ಮ ಅನುಕೂಲಕ್ಕೆ ಎರಡನೆಯ ಪತ್ರಿಕೆಯ ಅಭ್ಯಾಸವನ್ನೂ ಬೆಳಗಿನ ಮೊದಲ ಅವಧಿಗೇ ಇಡುತ್ತೇವೆ. 150 ನಿಮಿಷ, 150 ಪ್ರಶ್ನೆ. ವೃತ್ತ ತುಂಬುವ ಕಾಲವನ್ನೂ ಕಳೆದರೆ ಒಂದು ಪ್ರಶ್ನೆಗೆ ಒಂದು ನಿಮಿಷವೂ ಪೂರ್ತಿ ದಕ್ಕುವುದಿಲ್ಲ. ಅನ್ನ ಸಾರು ಉಂಡು ಬಂದವನು ಮೂರೂವರೆ ಗಂಟೆಯ ಸೆಕೆಯಲ್ಲಿ ಮಕ್ಕಳ ಮನೋವಿಜ್ಞಾನದ ಪಿಯಾಜೆಗೂ ವೈಗಾಟ್‌ಸ್ಕಿಗೂ ಇರುವ ವ್ಯತ್ಯಾಸವನ್ನು ನೆನಪಿಸಿಕೊಳ್ಳಬೇಕಾದ ಕಷ್ಟ ಬೆಳಗಿನ ತಂಪಿನಲ್ಲಿ ತಿಳಿಯುವಂಥದಲ್ಲ.

ಬಿ.ಇಡಿ. ಎರಡು ವರ್ಷದ್ದಾದ ಮೇಲೆ ಇಂಟರ್ನ್‌ಶಿಪ್ಪಿನ ವಾರಗಳು ಹೆಚ್ಚಿವೆ, ಪಾಠಯೋಜನೆ ಬರೆಯುವುದರಲ್ಲಿಯೇ ರಾತ್ರಿ ಕಳೆಯುತ್ತದೆ, ಬಿಡುವೆಲ್ಲಿ ಎಂದು ಕೇಳುತ್ತೀರಿ. ಶನಿವಾರ ಬೆಳಗಿನ ಶಾಲೆಯಲ್ಲವೇ? ಶಾಲೆ ಬಿಟ್ಟು, ಊಟ ಮುಗಿಸಿ, ಎರಡಕ್ಕೆ ಕಾಲೇಜಿಗೆ ಬಂದು ಕುಳಿತರೆ ನಿಜವಾದ ಪರೀಕ್ಷೆಯ ಹೊತ್ತೇ ತಾನಾಗಿ ಒದಗುತ್ತದೆ. ಮೂರು ವಾರಕ್ಕೊಂದು ಶನಿವಾರವನ್ನು ಅವಧಿಯ ಆರಂಭದಲ್ಲಿಯೇ ವೇಳಾಪಟ್ಟಿಯಲ್ಲಿ ಅಚ್ಚು ಹಾಕಿಸಿ, ಅಚ್ಚಾದದ್ದನ್ನು ಮುಂದೂಡಬೇಡಿ.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಐದು ನಿಮಿಷವೆಂದಿದೆ, ಅದು ಬರುವಾಗಲೇ ಎರಡು ಕಳೆದಿರಬೇಕು. ಉಳಿದದ್ದನ್ನು ಓಡಿಸುತ್ತೇನೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿ ಬಂದವರೂ ಎರಡನೆಯ ಪತ್ರಿಕೆಯಲ್ಲಿ ಗಣಿತ-ವಿಜ್ಞಾನ ಎರಡೂ ಸೇರಿದ 60 ಅಂಕಗಳ ಭಾಗಕ್ಕೇ ಕೂರಬೇಕಾಗುತ್ತದೆ. ಪಿಯುಸಿಯ ನಂತರ ಗಣಿತ ಮುಟ್ಟದವರನ್ನು ಮೊದಲ ಅಣಕು ಪರೀಕ್ಷೆಯಲ್ಲಿಯೇ ಗುರುತಿಸಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದು ಸಾಲೂ ಖಾಲಿ ಉಳಿಯಕೂಡದು. ಅಂಕಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಬೇಡಿ. ಸೋಮವಾರ ತಪ್ಪಾದ ಪ್ರಶ್ನೆಗಳನ್ನು ಮಾತ್ರ ತೆಗೆದುಕೊಂಡು ಒಂದು ಗಂಟೆ ಕುಳಿತುಕೊಳ್ಳಿ.

ಭಾಷಾ ಪತ್ರಿಕೆಗಳ ಬಗ್ಗೆ ಹೇಳಬೇಕಾದದ್ದು ನನ್ನ ಕೈಯ ಕಾಗದದಲ್ಲಿಯೇ ಉಳಿಯಿತು. ಓಎಂಆರ್ ಮಾದರಿ ಹಾಳೆಗಳನ್ನು ಹೊರಗಿನ ಮೇಜಿನ ಮೇಲೆ ಇಟ್ಟಿದ್ದೇನೆ, ತಲೆಗೆ ಎರಡರಂತೆ ತೆಗೆದುಕೊಳ್ಳಿ. ಆ ಹುಡುಗಿ, ಈಗ ಆಕೆ ಮೇಡಂ, ಅದೇ ಮೇಜಿನ ಹತ್ತಿರ ನಿಂತಿದ್ದಾರೆ. ಪೆನ್ನು ತರದವರು ಅವರನ್ನೇ ಕೇಳಿ. ಅವರ ಬ್ಯಾಗಿನಲ್ಲಿ ಯಾವಾಗಲೂ ಮೂರಿರುತ್ತವೆ.