ಬೀಜ ಒಡೆಸಿದ ಕುದುರೆ ಮತ್ತೆ ಗಂಡುಕುದುರೆಯ ಹಾಗೆ ಆಡುತ್ತಿದೆಯಾ? ಹೊಡೆಯುವ ಮೊದಲು ಅದರ ರಕ್ತ ಪರೀಕ್ಷೆ ಮಾಡಿಸಿ ನೋಡಿ

[ದೃಶ್ಯ: ಚಿಕ್ಕಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ಬುಡದ ತೋಟ. ಬೇಲಿಯ ಆಚೆ ಕಂದು ಕುದುರೆ ಓಡಾಡುತ್ತಿದೆ.]

ನಮಸ್ಕಾರ. ನನ್ನ ಹಿಂದೆ ಓಡಾಡುತ್ತಿದ್ದಾನಲ್ಲ, ಅವನು ಸುಲ್ತಾನ್. ಬೆಂಗಳೂರಿನ ರೇಸಿನಲ್ಲಿ ಓಡಿ ಬಿಟ್ಟ ಕುದುರೆ. ನಾನು ತರುವಾಗಲೇ ಬೀಜ ಒಡೆಸಿ ಆಗಿತ್ತು. ಕಾಗದದಲ್ಲೂ ಹಾಗೇ ಬರೆದಿತ್ತು, ಕೈಯಿಟ್ಟು ನೋಡಿದರೂ ಚೀಲದಲ್ಲಿ ಏನೂ ಸಿಗುತ್ತಿರಲಿಲ್ಲ. ಎಂಟು ತಿಂಗಳು ಎತ್ತಿನ ಹಾಗೆ ಸಾಧುವಾಗಿದ್ದ.

ಆಮೇಲೆ ತೋಟಕ್ಕೆ ಒಂದು ಹೆಣ್ಣು ಕುದುರೆ ಬಂತು. ಮೂರನೇ ದಿನಕ್ಕೆ ಅದು ಬೆದೆಗೆ ಬಂತು. ಅವತ್ತಿನಿಂದ ಇವನು ಬೇರೆಯೇ ಪ್ರಾಣಿ! ಕತ್ತು ಬಿಲ್ಲಿನ ಹಾಗೆ ಬಗ್ಗಿಸುವುದು, ತಲೆ ನೆಲಕ್ಕೆ ತಂದು ಕಿವಿ ಹಿಂದಕ್ಕೆ ಒತ್ತಿ ಹೆಣ್ಣನ್ನು ಮೂಲೆಗೆ ಅಟ್ಟಿಕೊಂಡು ಹೋಗುವುದು, ಅದು ಲದ್ದಿ ಹಾಕಿದ ಜಾಗವನ್ನು ಮೂಸಿ ಅದರ ಮೇಲೇ ತಾನೂ ಹಾಕುವುದು, ಹತ್ತಿರ ಹೋದ ಆಳಿನ ತೋಳು ಕಚ್ಚಲು ಬರುವುದು. ಒಂದು ಸಂಜೆ ನಮ್ಮ ಕಣ್ಣೆದುರಿಗೇ ಹೆಣ್ಣಿನ ಮೇಲೆ ಹತ್ತಿಬಿಟ್ಟ.

ಊರಲ್ಲಿ ಎಲ್ಲರದೂ ಒಂದೇ ಮಾತು. "ಸರಿಯಾಗಿ ಒಡೆದಿಲ್ಲ ಸ್ವಾಮಿ, ಸ್ವಲ್ಪ ಉಳಿಸಿಬಿಟ್ಟವ್ರೆ." ನಾನೂ ಅದನ್ನೇ ನಂಬಿದೆ. ಮಾರಿದವರ ಮೇಲೆ ಸಿಟ್ಟು ಬಂತು, ಇವನ ಮೇಲೂ ಬಂತು. ಒಂದು ದಿನ ಚಾವಟಿಯಲ್ಲಿ ಬಾರಿಸಿಯೂಬಿಟ್ಟೆ. ಅದು ನನಗೆ ಇವತ್ತಿಗೂ ನೋಯುತ್ತದೆ, ಅದಕ್ಕೇ ಈ ವಿಡಿಯೋ.

[ದೃಶ್ಯ: ಬಿಳಿ ಹಲಗೆ, ಕುದುರೆಯ ಹೊಟ್ಟೆಯ ಭಾಗದ ಸರಳ ಚಿತ್ರ.]

ಮೊದಲು "ಸ್ವಲ್ಪ ಉಳಿಸಿಬಿಟ್ಟಿದ್ದಾರೆ" ಅನ್ನುವ ಮಾತು ನೋಡೋಣ. ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ ಟಿಪ್ಪು ಕಾಲದಿಂದ ಕುದುರೆ ಸಾಕಿದ ಜಾಗ ಇದೆ. ಆದರೂ ನಮ್ಮ ಕಡೆ ರೈತರಿಗೆ ಗೊತ್ತಿರುವುದು ಎತ್ತಿನ ಲೆಕ್ಕ, ಹೊರಗಿಂದಲೇ ಇಕ್ಕಳ ಹಾಕಿ ನರ ಒತ್ತಿಬಿಡುವುದು. ಕುದುರೆಗೆ ಹಾಗಲ್ಲ, ಚೀಲ ಕೊಯ್ದು ಬೀಜವನ್ನು ಹೊರಗೇ ತೆಗೆಯುತ್ತಾರೆ. ಬೀಜಕ್ಕೆ ಅಂಟಿಕೊಂಡು ಒಂದು ಸುರುಳಿ ನಾಳ ಇರುತ್ತದೆ, ವೀರ್ಯಾಣು ಬಲಿಯುವ ಜಾಗ. ಅದರ ಚೂರು ಒಳಗೆ ಉಳಿದರೆ ಕುದುರೆ ಗಂಡಾಗಿಯೇ ಇರುತ್ತದೆ ಅನ್ನುವುದು ನಮ್ಮಲ್ಲಿ ಮಾತ್ರ ಅಲ್ಲ, ಕುದುರೆ ಸಾಕುವ ಎಷ್ಟೋ ದೇಶಗಳಲ್ಲಿ ಇರುವ ನಂಬಿಕೆ. ಆದರೆ ಗಂಡಿನ ನಡತೆ ತರುವ ಹಾರ್ಮೋನ್ ಟೆಸ್ಟೋಸ್ಟೆರಾನ್, ಅದನ್ನು ಆ ನಾಳ ಮಾಡುವುದಿಲ್ಲ. ಅದನ್ನು ಮಾಡುವುದು ಬೀಜದೊಳಗಿನ ಜೀವಕೋಶಗಳು. ಹಾಗಾಗಿ ನಾಳದ ಚೂರು ಉಳಿದರೆ ಏನೂ ಆಗುವುದಿಲ್ಲ, ಒಂದು ಇಡೀ ಬೀಜ ಉಳಿದರೆ ಎಲ್ಲವೂ ಆಗುತ್ತದೆ.

ಇಡೀ ಬೀಜ ಹೇಗೆ ಉಳಿಯುತ್ತದೆ? ಮರಿ ತಾಯಿಯ ಹೊಟ್ಟೆಯಲ್ಲಿರುವಾಗ ಅದರ ಬೀಜಗಳು ಮೂತ್ರಪಿಂಡದ ಹತ್ತಿರ ಇರುತ್ತವೆ. ಹುಟ್ಟುವ ಆಸುಪಾಸಿನಲ್ಲಿ ತೊಡೆಸಂದಿನ ದಾರಿಯಲ್ಲಿ ಇಳಿದು ಚೀಲಕ್ಕೆ ಬರುತ್ತವೆ. ಕೆಲವು ಮರಿಗಳಲ್ಲಿ ಒಂದು ಇಳಿಯುತ್ತದೆ, ಇನ್ನೊಂದು ಹೊಟ್ಟೆಯಲ್ಲೋ ಸಂದಿನಲ್ಲೋ ನಿಂತುಬಿಡುತ್ತದೆ. ಹೊಟ್ಟೆಯೊಳಗೆ ಬಿಸಿ ಜಾಸ್ತಿ, ಹಾಗಾಗಿ ಅಲ್ಲಿ ವೀರ್ಯಾಣು ಆಗುವುದಿಲ್ಲ, ಆದರೆ ಹಾರ್ಮೋನ್ ಮಾತ್ರ ತಪ್ಪದೆ ಬರುತ್ತಿರುತ್ತದೆ. ಯಾರೋ ಹೊರಗಿದ್ದ ಒಂದನ್ನು ತೆಗೆದು, ಇನ್ನೊಂದನ್ನು ಹುಡುಕದೆ, "ಆಯ್ತು, ಒಡೆದಾಯ್ತು" ಎಂದು ಮಾರಿದರೆ ಕೊಂಡವರಿಗೆ ಹೇಗೆ ಗೊತ್ತಾಗಬೇಕು? ಚೀಲ ಖಾಲಿ, ಮೇಲೆ ಗಾಯದ ಗುರುತು. ಎಡಗಡೆ ಮತ್ತು ಬಲಗಡೆಯಲ್ಲಿ ಗುರುತು ಒಂದೇ ಇದೆಯಾ, ಎರಡಿದೆಯಾ ನೋಡಿದರೂ ಖಾತ್ರಿ ಆಗುವುದಿಲ್ಲ, ಯಾಕೆಂದರೆ ಕೊಯ್ದು ಹುಡುಕಿ ಸಿಗದೆ ಹೊಲಿದಿರಲೂಬಹುದು.

ಇಲ್ಲಿಗೆ ಕಥೆ ಮುಗಿಯುತ್ತದೆ ಅಂದುಕೊಂಡಿದ್ದೆ. ಸುಲ್ತಾನನ ಹೊಟ್ಟೆಯಲ್ಲಿ ಒಂದು ಉಳಿದಿದೆ, ತೆಗೆಸೋಣ ಅಂತ. ನಮ್ಮ ಡಾಕ್ಟರ್ ತಡೆದರು. "ರಕ್ತ ನೋಡದೆ ಹೊಟ್ಟೆ ಕೊಯ್ಯಬಾರದು" ಅಂದರು.

ಅದೇ ವಾರ ಚಿಕ್ಕಬಳ್ಳಾಪುರದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವ ನಮ್ಮ ಭಾಯ್ ಒಬ್ಬರು ಅವರ ಬಿಳಿ ಕುದುರೆ ಚೆಲುವನನ್ನು ಕರೆದುಕೊಂಡು ಬಂದಿದ್ದರು. ಅವನೂ ಬೀಜ ಒಡೆಸಿದವನೇ. ಬ್ಯಾಂಡಿನ ಸದ್ದಿಗೂ ಪಟಾಕಿಗೂ ಜಗ್ಗದ ಕುದುರೆ, ಹೆಣ್ಣಿನ ಕಡೆ ಅಷ್ಟಾಗಿ ತಿರುಗಿಯೂ ನೋಡುವುದಿಲ್ಲ. ದೂರು ಒಂದೇ, ಬೇಸಿಗೆಯಲ್ಲಿ ಮಾತ್ರ ಬೇರೆ ಕುದುರೆ ಹತ್ತಿರ ಬಂದರೆ ಕಚ್ಚುತ್ತಾನೆ. ಡಾಕ್ಟರು "ಹೇಗೂ ಬಂದಿದೆ, ಇವನದೂ ತೆಗೆಯೋಣ" ಎಂದು ಇಬ್ಬರ ರಕ್ತವನ್ನೂ ತೆಗೆದರು.

[ದೃಶ್ಯ: ಎರಡು ರಕ್ತದ ಸೀಸೆ, ಪಕ್ಕದಲ್ಲಿ ಎರಡು ಲ್ಯಾಬ್ ರಿಪೋರ್ಟ್.]

ಪರೀಕ್ಷೆ ಹೀಗೆ. ಮೊದಲು ಒಂದು ಸಲ ರಕ್ತ ತೆಗೆಯುತ್ತಾರೆ. ಆಮೇಲೆ ಎಚ್‌ಸಿಜಿ ಅನ್ನುವ ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರೆ. ಇದು ಗರ್ಭಿಣಿಯರ ದೇಹದಲ್ಲಿ ಬರುವ ಹಾರ್ಮೋನ್, ಕುದುರೆಗೆ ಕೊಟ್ಟರೆ ಬೀಜವನ್ನು "ಏಳು, ಕೆಲಸ ಮಾಡು" ಎಂದು ತಿವಿಯುತ್ತದೆ. ಒಂದೆರಡು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆಯುತ್ತಾರೆ, ಕೆಲವು ಸಲ ಮಾರನೇ ದಿನವೂ ತೆಗೆಯುತ್ತಾರೆ. ಒಳಗೆ ಬೀಜ ಇದ್ದರೆ ಟೆಸ್ಟೋಸ್ಟೆರಾನ್ ಏರುತ್ತದೆ. ಇಲ್ಲದಿದ್ದರೆ ತಿವಿಸಿಕೊಳ್ಳುವವರೇ ಇಲ್ಲ, ಅಂಕಿ ಅಲ್ಲೇ ಇರುತ್ತದೆ. ಒಂದೂವರೆ ವರ್ಷದ ಒಳಗಿನ ಮರಿಗೆ ಈ ಪರೀಕ್ಷೆಯನ್ನು ಅಷ್ಟು ನಂಬಲು ಆಗುವುದಿಲ್ಲ.

ಈಗ ದಯವಿಟ್ಟು ಗಮನ ಕೊಟ್ಟು ಕೇಳಿ, ಇಲ್ಲೇ ಎಷ್ಟೋ ಜನ ಎಡವುವುದು. ಟೆಸ್ಟೋಸ್ಟೆರಾನ್ ಮನುಷ್ಯನಲ್ಲೂ ಕುದುರೆಯಲ್ಲೂ ಒಂದೇ ವಸ್ತು, ಹಾಗಾಗಿ ಮನುಷ್ಯರ ಲ್ಯಾಬಿನಲ್ಲೇ ಅಳೆಸುವವರಿದ್ದಾರೆ. ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿ ಬರುವುದು ಮನುಷ್ಯರ ಲೆಕ್ಕ. ಗಂಡಸಿಗೆ ಒಂದು ಮಿಲಿಲೀಟರ್‌ಗೆ ಸುಮಾರು 3ರಿಂದ 10 ನ್ಯಾನೊಗ್ರಾಂ. ಬೀಜ ಇಲ್ಲದ ಕುದುರೆಗೆ ಸಾಮಾನ್ಯವಾಗಿ 0.05ಕ್ಕಿಂತ ಕಡಿಮೆ ಇರುತ್ತದೆ, 0.1 ದಾಟಿದರೆ ಒಳಗೆ ಬೀಜ ಇರುವ ಅನುಮಾನ ಗಟ್ಟಿ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಚೆಲುವನ ರಿಪೋರ್ಟಿನಲ್ಲಿ ಇಂಜೆಕ್ಷನ್ ಆದ ಮೇಲೆ 0.4 ಬಂದಿತ್ತು, ಪಕ್ಕದಲ್ಲಿ "ಕಡಿಮೆ" ಎಂದು ಅಚ್ಚಾಗಿತ್ತು. ಅದನ್ನೇ ಓದಿಕೊಂಡು ಮನೆಗೆ ಹೋಗಿದ್ದರೆ? ಕುದುರೆಯ ಲೆಕ್ಕದಲ್ಲಿ ಅದು ಕಡಿಮೆಯೇ ಅಲ್ಲ. ರಿಪೋರ್ಟನ್ನು ಕುದುರೆ ನೋಡುವ ಡಾಕ್ಟರೇ ಓದಬೇಕು.

ಹೌದು, ನೀವು ಕೇಳಿದ್ದು ಸರಿ. ಒಳಗೆ ಬೀಜ ಇದ್ದದ್ದು ಸಾಧು ಚೆಲುವನಿಗೆ. ಹೆಣ್ಣಿನ ಮೇಲೆ ಹತ್ತಿದ ಸುಲ್ತಾನನ ರಕ್ತದಲ್ಲಿ ಮೊದಲೂ ಏನೂ ಇಲ್ಲ, ಆಮೇಲೂ ಏನೂ ಇಲ್ಲ. ಅವನಿಗೆ ಸರಿಯಾಗಿಯೇ ಒಡೆದಿದ್ದರು. ನಾನು ಸುಮ್ನೆ ಅವರನ್ನು ಬೈದಿದ್ದೆ, ಸುಮ್ನೆ ಇವನನ್ನು ಹೊಡೆದಿದ್ದೆ.

ಎಎಂಎಚ್ ಅಂತ ಇನ್ನೊಂದು ಪರೀಕ್ಷೆ ಇದೆ. ಈ ಹಾರ್ಮೋನ್ ಗಂಡಿನಲ್ಲಿ ಬೀಜದಿಂದ ಮಾತ್ರ ಬರುತ್ತದೆ, ಹಾಗಾಗಿ ಇಂಜೆಕ್ಷನ್ ಬೇಡ, ಒಂದೇ ಸಲ ರಕ್ತ ಸಾಕು. ಆದರೆ ಮನುಷ್ಯರಿಗೆಂದು ಮಾಡಿದ ಎಲ್ಲ ಕಿಟ್ಟೂ ಕುದುರೆಯ ರಕ್ತಕ್ಕೆ ನಡೆಯುವುದಿಲ್ಲ. ಮೊದಲೇ ಕೇಳಿಕೊಳ್ಳಿ.

[ದೃಶ್ಯ: ಸುಲ್ತಾನ್ ಮೇಲ್ದುಟಿ ಮಡಚಿ ಗಾಳಿ ಮೂಸುತ್ತಿರುವುದು.]

ಹಾರ್ಮೋನ್ ಇಲ್ಲದೆ ಇವನು ಹೀಗೆ ಯಾಕೆ ಆಡಿದ? ಬೀಜ ತೆಗೆದ ಮೇಲೆ ರಕ್ತದ ಹಾರ್ಮೋನ್ ಬೇಗ ಇಳಿದುಹೋಗುತ್ತದೆ. ಆದರೆ ಕುದುರೆಯ ಮಿದುಳು ತಾಯಿಯ ಹೊಟ್ಟೆಯಲ್ಲೇ ಗಂಡಾಗಿ ರೂಪ ಪಡೆದಿರುತ್ತದೆ, ಅದನ್ನು ಯಾವ ಕತ್ತಿಯೂ ತೆಗೆಯುವುದಿಲ್ಲ. 1985ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಎರಡು ವರ್ಷಕ್ಕೆ ಮೊದಲೇ ಬೀಜ ಒಡೆಸಿದ ಕುದುರೆಗಳನ್ನೂ ಮೂರು ವರ್ಷ ದಾಟಿದ ಮೇಲೆ ಒಡೆಸಿದವನ್ನೂ ಹೋಲಿಸಿ ನೋಡಿದರು. ಚಿಕ್ಕ ವಯಸ್ಸಿನಲ್ಲೇ ಒಡೆಸಿದವುಗಳಲ್ಲೂ ಶೇಕಡಾ 20ರಿಂದ 30ರಷ್ಟು ಕುದುರೆಗಳು ಹೆಣ್ಣಿನ ಕಡೆ ಗಂಡಿನ ನಡತೆ ಉಳಿಸಿಕೊಂಡಿದ್ದವು. ನಾಲ್ಕೈದು ಕುದುರೆಯಲ್ಲಿ ಒಂದು ಅಂದರೆ ಕಡಿಮೆಯೇನಲ್ಲ, ಅಲ್ವಾ? "ತಡವಾಗಿ ಒಡೆಸಿದ್ದಕ್ಕೇ ಹೀಗೆ" ಅನ್ನುವ ಮಾತೂ ಇದರ ಮುಂದೆ ಅಷ್ಟು ನಿಲ್ಲುವುದಿಲ್ಲ.

ತುಟಿ ಮಡಚುವುದನ್ನು ನೋಡಿ ಗಾಬರಿ ಆಗಬೇಡಿ, ಅದನ್ನು ಹೆಣ್ಣು ಕುದುರೆಯೂ ಮಾಡುತ್ತದೆ. ನೋವಿಗೂ ಕುದುರೆ ಕಚ್ಚುತ್ತದೆ. ಹೊಟ್ಟೆ ಹುಣ್ಣು, ಹಲ್ಲು, ಬೆನ್ನಿಗೆ ಸರಿಯಾಗಿ ಕೂರದ ಜೀನು, ಇವನ್ನೆಲ್ಲ ನೋಡಿಸಿ. ಮೈ ತುಂಬಲಿ ಎಂದು ಹಳೆಯ ಮಾಲೀಕರು ಸ್ಟೆರಾಯ್ಡ್ ಚುಚ್ಚಿಸಿದ್ದರಾ ಎಂದೂ ವಿಚಾರಿಸಿ. ಹೆಣ್ಣು ಕುದುರೆಯೇ ಗಂಡಿನ ಹಾಗೆ ಆಡತೊಡಗಿದರೆ ಅದು ಬೇರೆ ವಿಷಯ, ಅಂಡಾಶಯದಲ್ಲಿ ಗೆಡ್ಡೆ ಇರಬಹುದು, ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು. ಈಗಷ್ಟೇ ಬೀಜ ಒಡೆಸಿದ ಕುದುರೆಯನ್ನು ಕನಿಷ್ಠ ಒಂದು ತಿಂಗಳಾದರೂ ಹೆಣ್ಣಿನ ಜೊತೆ ಬಿಡಬೇಡಿ. ಒಳಗಿನ ನಾಳಗಳಲ್ಲಿ ಹಳೆಯ ವೀರ್ಯಾಣು ಉಳಿದಿರುತ್ತದೆ, ಹೆಣ್ಣು ಗಬ್ಬವಾಗಬಹುದು.

[ದೃಶ್ಯ: ಎರಡು ಬೇಲಿ, ನಡುವೆ ಓಣಿಯಷ್ಟು ಜಾಗ.]

ಸುಲ್ತಾನನಿಗೆ ನಾವು ಮಾಡಿದ್ದು ಇಷ್ಟೇ. ಹೆಣ್ಣಿಗೆ ಬೇರೆ ಜಾಗ. ಒಂದೇ ಬೇಲಿಯ ಆಚೆ ಈಚೆ ಅಲ್ಲ, ನಡುವೆ ಹತ್ತು ಅಡಿ ಓಣಿ ಬಿಟ್ಟು ಎರಡು ಬೇಲಿ, ಯಾಕೆಂದರೆ ಒಂದೇ ಬೇಲಿಯಾದರೆ ಅದರ ಮೇಲೇ ಒದ್ದಾಡಿ ಕಾಲು ಮುರಿದುಕೊಳ್ಳುತ್ತವೆ. ಹುರುಳಿ ಕಡಿಮೆ ಮಾಡಿ ಹುಲ್ಲು ಜಾಸ್ತಿ ಮಾಡಿದೆವು. ಹುರುಳಿ ಕಡಿಮೆ ಮಾಡಿದರೆ ಹಾರ್ಮೋನ್ ಇಳಿಯುತ್ತದೆ ಎಂದಲ್ಲ, ಸುಮ್ಮನೆ ನಿಂತ ಕುದುರೆಗೆ ಅಷ್ಟು ಕಾವು ಬೇಡ ಅಂತ. ದಿನಾ ಬೆಳಿಗ್ಗೆ ಒಂದು ಗಂಟೆ ಕೆಲಸ. ಒಂಟಿಯಾಗಿ ಕಟ್ಟಲಿಲ್ಲ, ಬೀಜ ಒಡೆಸಿದ ಇನ್ನೊಂದು ಕುದುರೆಯನ್ನು ಜೊತೆಗೆ ಬಿಟ್ಟೆವು. ಎರಡು ತಿಂಗಳಲ್ಲಿ ಕಚ್ಚುವುದು ನಿಂತಿತು. ಹೆಣ್ಣು ಬೆದೆಗೆ ಬಂದಾಗ ಈಗಲೂ ಬೇಲಿಯ ಹತ್ತಿರ ನಿಂತು ಕೂಗುತ್ತಾನೆ. ಕೂಗಲಿ ಬಿಡಿ.

ಚೆಲುವನಿಗೆ ಮಾತ್ರ ಆಪರೇಷನ್ನೇ ದಾರಿ. ಒಳಗೆ ಉಳಿದ ಬೀಜದಲ್ಲಿ ಮುಂದೆ ಗೆಡ್ಡೆ ಬೆಳೆಯುವುದೂ ಉಂಟು. ಸ್ಕ್ಯಾನ್ ಮಾಡಿದಾಗ ಎಡಗಡೆ, ಹೊಟ್ಟೆಯೊಳಗೆ ಸಿಕ್ಕಿತು. ಈಗ ಕುದುರೆಯನ್ನು ನಿಲ್ಲಿಸಿಕೊಂಡೇ, ಮಂಪರು ಕೊಟ್ಟು, ಸಣ್ಣ ತೂತಿನಿಂದ ದುರ್ಬೀನು ಇಳಿಸಿ ತೆಗೆಯುವ ವಿಧಾನ ಇದೆ, ಆದರೆ ಅದಕ್ಕೆ ಕೈ ಪಳಗಿದವರೇ ಬೇಕು. ನಮ್ಮ ಕಡೆಯವರಿಗೆ ಹತ್ತಿರದ ಪಶುವೈದ್ಯಕೀಯ ಕಾಲೇಜು ಹೆಬ್ಬಾಳದ್ದು, ಯಾರು ಮಾಡುತ್ತಾರೆ ಎಂದು ಅಲ್ಲಿ ವಿಚಾರಿಸಬಹುದು. ಹಳ್ಳಿಯ ಲಾಯದಲ್ಲಿ ಕೆಡವಿ ಕೊಯ್ಯಿಸುವ ಕೆಲಸ ಇದಲ್ಲ.

ತೆಗೆದ ಬೀಜವನ್ನು ಡಾಕ್ಟರು ತಟ್ಟೆಯಲ್ಲಿಟ್ಟು ತೋರಿಸಿದಾಗ ಭಾಯ್ ತುಂಬಾ ಹೊತ್ತು ನೋಡುತ್ತಾ ನಿಂತರು. ಆಮೇಲೆ ಚೆಲುವನ ಹಣೆ ಸವರಿ, "ಆರು ವರ್ಷ ಇದನ್ನು ಹೊಟ್ಟೇಲಿಟ್ಕೊಂಡೇ ನನ್ನ ಮದುವೆಗಳನ್ನೆಲ್ಲಾ ಮಾಡ್ಸಿದ್ಯಲ್ಲೋ" ಅಂದರು.

[ದೃಶ್ಯ: ಹೂವಿನ ಜಲ್ಲಿ ಕಟ್ಟಿಕೊಂಡ ಬಿಳಿ ಕುದುರೆ, ಮೆರವಣಿಗೆಯ ದೀಪದ ಬೆಳಕಿನಲ್ಲಿ.]