ಊರ ನರ್ಸರಿಗೆ ಊರ ಕಾಡಿನ ಬೀಜ

ಕೇಳುಗರೆಲ್ಲರಿಗೂ ನಮಸ್ಕಾರ. ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಈಗ ಸ್ತ್ರೀಶಕ್ತಿ ಸಂಘದವರು, ಗ್ರಾಮ ಅರಣ್ಯ ಸಮಿತಿಯವರು, ಶಾಲೆಯ ಮಾಸ್ತರು, ಅಕ್ಕೋರು ಸೇರಿ ಸಣ್ಣ ಸಣ್ಣ ನರ್ಸರಿ ಮಾಡುತ್ತಿದ್ದಾರೆ. ನನಗೆ ಇದು ತುಂಬ ಖುಷಿಯ ವಿಷಯ. ಇವತ್ತಿನ ಮಾತು ಅವರಿಗಾಗಿ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಬೋಳಾಯಿತು, ಏನಾದರೂ ನೆಡಬೇಕು ಎಂದುಕೊಂಡಿರುವ ತೋಟದವರೂ ಸ್ವಲ್ಪ ಕಿವಿಗೊಡಿ.

ನಾನು ಹೇಳುವುದು ಒಂದೇ ವಿಷಯ. ನರ್ಸರಿಗೆ ಬೀಜ ನಿಮ್ಮ ಊರಿನ ಕಾಡಿನದೇ ಇರಲಿ. ಹಲವು ಜಾತಿಯದಿರಲಿ. ಒಂದೊಂದು ಜಾತಿಯೂ ಹಲವು ಮರದ್ದಿರಲಿ. ಮಾತು ಮುಗಿಯುವುದರೊಳಗೆ ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

1950ರಲ್ಲಿ ಶುರುವಾದ ವನಮಹೋತ್ಸವ ಈಗಲೂ ಪ್ರತಿ ಜುಲೈನಲ್ಲಿ ನಡೆಯುತ್ತದೆ. ಅಲ್ಲಿ ಎಷ್ಟು ಗಿಡ ನೆಟ್ಟಿರಿ ಎಂದು ಎಲ್ಲರೂ ಕೇಳುತ್ತಾರೆ. ಯಾವ ಗಿಡ ನೆಟ್ಟಿರಿ ಎಂದು ಕೇಳುವವರು ಕಡಿಮೆ. ಹಾಗಾಗಿಯೇ ನಮ್ಮ ಗುಡ್ಡಗಳ ಮೇಲೆಲ್ಲ ಅಕೇಶಿಯಾ ಬಂದು ನಿಂತಿತು. ಆಸ್ಟ್ರೇಲಿಯಾ ಕಡೆಯ ಮರ, ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ಹಸಿರಾಗಿಯೂ ಕಾಣುತ್ತದೆ. ಆದರೆ ಅದರೊಳಗೆ ಹೋಗಿ ನಿಂತು ನೋಡಿ. ತಿನ್ನಲಿಕ್ಕೆ ಹಣ್ಣಿಲ್ಲ. ಉದುರಿದ ಎಲೆ ಬೇಗ ಕೊಳೆಯುವುದಿಲ್ಲ, ಗೊಬ್ಬರಗುಂಡಿಗೂ ಆಗಿಬರುವುದಿಲ್ಲ. ಮತ್ತಿ, ಹೊನ್ನೆ, ನಂದಿ, ನೇರಳೆ, ಅತ್ತಿ, ಗೋಣಿ ಇರುವ ಕಾಡಿನಲ್ಲಿ ವರ್ಷವಿಡೀ ಒಂದಲ್ಲ ಒಂದು ಮರ ಹೂವೋ ಹಣ್ಣೋ ಹೊತ್ತಿರುತ್ತದೆ. ಜೇನಿಗೆ, ಮಂಗಟ್ಟೆ ಹಕ್ಕಿಗೆ ಅದೇ ಊಟ. ಮಂಗ ತೋಟಕ್ಕೆ ಬರುತ್ತದೆ ಎಂದು ಗೊಣಗುತ್ತೇವೆ. ಕಾಡಿನಲ್ಲಿ ಹಣ್ಣಿನ ಮರ ಇಲ್ಲದ ಮೇಲೆ ಅದು ಎಲ್ಲಿಗೆ ಹೋಗಬೇಕು ಹೇಳಿ.

ಸರಿ, ಹಲವು ಜಾತಿ ಬೇಕು. ಹಲವು ಮರ ಯಾಕೆ? ಒಂದೇ ಮರದ ಬೀಜದಿಂದ ಸಾವಿರ ಸಸಿ ಮಾಡಿದರೆ ಆ ಸಾವಿರವೂ ಒಡಹುಟ್ಟಿದವು. ನಾಳೆ ಅವು ತಮ್ಮತಮ್ಮಲ್ಲೇ ಬೆರೆತು ಬೀಜ ಕಟ್ಟಿದರೆ ಆ ಬೀಜ ಸೊರಗುತ್ತದೆ. ಒಂದು ರೋಗ ಬಂದರೆ ಎಲ್ಲವೂ ಒಟ್ಟಿಗೇ ಬೀಳಬಹುದು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಕಾಡಿನಲ್ಲಿ ಒಳ್ಳೆಯ ತಾಯಿ ಮರ ಯಾವುದು ಎಂದು ನೋಡಿಯೇ ಹೇಳುತ್ತಿದ್ದರು, ಹೊತ್ತು ನೋಡಿ ಅದರ ಬೀಜ ಆರಿಸುತ್ತಿದ್ದರು. ಅವರಿಗೆ 2020ರ ಪದ್ಮಶ್ರೀ ಬಂತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಂಥ ಕಣ್ಣಿರುವ ಹಿರಿಯರು ನಿಮ್ಮ ಊರಲ್ಲೂ ಇರುತ್ತಾರೆ. ನರ್ಸರಿಯ ಮೊದಲ ಸಭೆಗೆ ಅವರನ್ನು ಕರೆಯಿರಿ. ದಯವಿಟ್ಟು ಕರೆಯಿರಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಉಪ್ಪಾಗೆ ಮರದ ಒಂದು ಕಥೆ ಇದೆ. ಸಿದ್ದಾಪುರದ ಕಡೆಯ ಒಂದು ಹಳ್ಳಿ. ಅಲ್ಲಿನ ಹೆಂಗಸರ ಸಂಘ ನರ್ಸರಿ ಶುರು ಮಾಡಿತ್ತು. ಉಪ್ಪಾಗೆ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಹಣ್ಣಾಗುತ್ತದೆ, ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಿ ಮಾರುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಸಿಪ್ಪೆಗೆ ಒಳ್ಳೆಯ ರೇಟು ಬಂದ ವರ್ಷಗಳಲ್ಲಿ ಕೊಂಬೆಯನ್ನೇ ಕಡಿದು ಕೊಯ್ದವರೂ ಇದ್ದರು. ಹಾಗಾಗಿ ಉಪ್ಪಾಗೆ ಸಸಿ ಮಾಡಬೇಕು ಎಂದು ಇವರು ಹಟ ಹಿಡಿದರು. ಬೀಜಕ್ಕೆ ಎಲ್ಲಿಗೂ ಹೋಗಬೇಕಾಗಲಿಲ್ಲ. ಸಿಪ್ಪೆ ಒಣಗಿಸುವ ಒಲೆಯ ಹಿಂದೆ ತುಪ್ಪಕ್ಕೆಂದು ಬಿಟ್ಟ ಬೀಜದ ರಾಶಿ ಇತ್ತು. ಗಮನಿಸಿ, ಆ ರಾಶಿಯಲ್ಲಿ ಇಡೀ ಕಾಡಿನ ಉಪ್ಪಾಗೆ ಮರಗಳ ಬೀಜ ಸೇರಿತ್ತು. ನಾನು ಹೇಳುವ ಹಲವು ಮರ ಅವರಿಗೆ ಅಲ್ಲೇ ಸಿಕ್ಕಿತು.

ಆಗಸ್ಟಿನಲ್ಲಿ ಬೀಜ ತೊಳೆದು ಕೊಟ್ಟೆಗೆ, ಅಂದರೆ ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ, ಹಾಕಿದರು. ದಸರೆ ಹೋಯಿತು, ದೀಪಾವಳಿ ಹೋಯಿತು, ಒಂದೂ ಹುಟ್ಟಲಿಲ್ಲ. ಪಕ್ಕದ ಸಾಲಿನ ಬೇರೆ ಗಿಡ ಮೊಣಕಾಲೆತ್ತರ ಆಗಿತ್ತು. ನೋಡಲು ಬಂದವರೊಬ್ಬರು, ಇದು ಸತ್ತ ಬೀಜ, ಕೊಟ್ಟೆಯ ಮಣ್ಣು ಸುರಿದು ಅಕೇಶಿಯಾ ಹಾಕಿ ಎಂದು ಹೇಳಿ ಹೋದರು. ಸಂಘದಲ್ಲೂ ಅದೇ ಮಾತು ಶುರುವಾಯಿತು. ಆಗ ಒಬ್ಬ ಅಜ್ಜಿ, ಸಭೆಯಲ್ಲಿ ಯಾವತ್ತೂ ಮಾತಾಡದವರು, ಒಂದು ಕೊಟ್ಟೆಯ ಮಣ್ಣು ಕೆದಕಿ ಬೀಜ ತೆಗೆದರು. ಸೆರಗಿನಲ್ಲಿ ಒರೆಸಿದರು. ಉಗುರಿನಿಂದ ಮೇಲಿನ ಕಂದು ಸಿಪ್ಪೆ ಎಬ್ಬಿಸಿದರು. ಒಳಗೆ ಬಿಳಿ ತಿರುಳು ಗಟ್ಟಿಯಾಗಿ, ಹಸಿಯಾಗಿ ಇತ್ತು. "ಇದಕ್ಕೆ ಜೀವ ಇದ್ದು, ಸುಮ್ನೆ ನೀರು ಹಾಕ್ತಾ ಇರಿ" ಅಂದರು, ಅಷ್ಟೇ.

ನೀರು ಹಾಕಿದರು. ಯುಗಾದಿ ಸುಮಾರಿಗೆ ಕೊಟ್ಟೆಗಳಲ್ಲಿ ಕೆಂಪು ಚಿಗುರು ಏಳಲು ಶುರುವಾಯಿತು. ಉಪ್ಪಾಗೆಯ ಸ್ವಭಾವವೇ ಅದು, ಏಳೆಂಟು ತಿಂಗಳು ಮಲಗಿರುತ್ತದೆ. ಮುಂದಿನ ವರ್ಷ ಅಜ್ಜಿ ಮಾಡಿದ್ದನ್ನೇ ಇವರು ಎಲ್ಲ ಬೀಜಕ್ಕೂ ಮಾಡಿದರು. ತಿರುಳಿಗೆ ಗಾಯವಾಗದ ಹಾಗೆ ಸಿಪ್ಪೆ ಸುಲಿದು ಊರಿದರು. ಒಂದು ತಿಂಗಳ ಆಸುಪಾಸಿನಲ್ಲಿ ಮೊಳಕೆ ಬಂತು! ಅವತ್ತು ಆ ಸಂಘದವರ ಮುಖ ನೋಡಬೇಕಿತ್ತು.

ಇನ್ನೊಂದು ಮಾತು. ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ರಾಂಪತ್ರೆ ಮರದಲ್ಲೂ ಹಾಗೆಯೇ. ಸಸಿ ನೋಡಿದರೆ ತಿಳಿಯುವುದಿಲ್ಲ, ಹೂ ಬಂದ ಮೇಲೇ ಗೊತ್ತಾಗುವುದು. ಎರಡೇ ಸಸಿ ನೆಟ್ಟು ಎರಡೂ ಗಂಡಾದರೆ ಹಣ್ಣೆಲ್ಲಿ? ಅದಕ್ಕೇ ಹೇಳುವುದು, ಹಲವು ಮರದ ಬೀಜ ತನ್ನಿ, ಹತ್ತಿಪ್ಪತ್ತು ಸಸಿ ಒಂದೇ ಕಡೆ ನೆಡಿ.

ಕಥೆ ಉದ್ದವಾಯಿತು, ಸಮಯ ಸ್ವಲ್ಪವೇ ಉಳಿದಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ, ಬರೆದುಕೊಳ್ಳಿ.

ಹಲಸು, ಧೂಪ, ರಾಂಪತ್ರೆ, ನೇರಳೆ, ಇವುಗಳ ಬೀಜ ಒಣಗಿಸಬೇಡಿ. ಒಣಗಿದರೆ ಸತ್ತ ಹಾಗೆ. ಹಣ್ಣು ಬಿದ್ದ ಒಂದೆರಡು ದಿನದಲ್ಲೇ ಊರಿ. ನೇರಳೆಯ ಒಂದೇ ಬೀಜದಿಂದ ಎರಡು ಮೂರು ಸಸಿ ಏಳುವುದುಂಟು, ಗಾಬರಿ ಬೇಡ, ಚಿಕ್ಕದಿರುವಾಗಲೇ ಬಿಡಿಸಿ ಬೇರೆ ಬೇರೆ ಕೊಟ್ಟೆಗೆ ಹಾಕಿ. ಬೆಟ್ಟದ ನೆಲ್ಲಿಯದು ಇದಕ್ಕೆ ಉಲ್ಟಾ. ಅದರ ಓಟೆಯನ್ನು ಬಿಸಿಲಿಗೆ ಹರವಿ, ಮೇಲೊಂದು ಬಟ್ಟೆ ಮುಚ್ಚಿ. ತಾನಾಗಿ ಸಿಡಿದು ಒಳಗಿನ ಸಣ್ಣ ಬೀಜ ಹೊರಗೆ ಬರುತ್ತದೆ. ಗೋಣಿ, ಆಲಕ್ಕೆ ಬೀಜದ ತಲೆಬಿಸಿ ಬೇಡ, ಕೈಗಾತ್ರದ ಟೊಂಗೆ ಮಳೆಗಾಲದಲ್ಲಿ ನೆಟ್ಟರೆ ಚಿಗುರುತ್ತದೆ.

ಕೊಟ್ಟೆಯನ್ನು ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಬಿಡಬೇಡಿ, ಆಗಾಗ ಎತ್ತಿ ಜಾಗ ಬದಲಿಸಿ. ಇಲ್ಲವಾದರೆ ಬೇರು ನೆಲಕ್ಕಿಳಿಯುತ್ತದೆ, ಕೀಳುವಾಗ ಹರಿಯುತ್ತದೆ. ಬೇರು ಕೊಟ್ಟೆಯೊಳಗೇ ಸುತ್ತಿಕೊಂಡ ಹಳೆಯ ಸಸಿ ನೆಟ್ಟು ಪ್ರಯೋಜನ ಇಲ್ಲ. ನೆಡುವ ಮೊದಲು ಒಂದು ತಿಂಗಳು ನೀರು ಕಡಿಮೆ ಮಾಡಿ, ಬಿಸಿಲು ಜಾಸ್ತಿ ಕೊಡಿ. ಧೂಪ, ರಾಂಪತ್ರೆಗೆ ಮಾತ್ರ ನೆರಳು ಬೇಕು, ಅವನ್ನು ಬೋಳುಗುಡ್ಡಕ್ಕೆ ಒಯ್ಯಬೇಡಿ.

ಮತ್ತಿ, ಹೊನ್ನೆ ಬೀಜ ಬೇಸಿಗೆಯಲ್ಲಿ ಮರದ ಬುಡದಲ್ಲೇ ಬಿದ್ದಿರುತ್ತವೆ. ಮೊದಲ ಮಳೆ ಬೀಳುವ ಮೊದಲು ಆರಿಸಬೇಕು, ಆಮೇಲೆ ಹುಳ ಹಿಡಿಯುತ್ತದೆ. ಆಗ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಬೆಟ್ಟಕ್ಕೆ ಹೋಗಿ. ಒಂದೊಂದು ಮರದಡಿಯಿಂದ ಒಂದೊಂದು ಹಿಡಿ, ದೂರ ದೂರದ ಮರಗಳಿಂದ. ಎಲ್ಲವನ್ನೂ ಆರಿಸಬೇಡಿ, ಕಾಡಿಗೂ ಬಿಡಿ. ಚೀಲದ ಮೇಲೆ ಮರದ ಹೆಸರು, ಜಾಗ, ತಾರೀಖು ಬರೆದಿಡಿ. ಯಾವ ಬೀಜವೆಂದು ಗೊತ್ತಾಗದಿದ್ದರೆ ಶಿರಸಿಯ ಅರಣ್ಯ ಕಾಲೇಜಿಗೆ ಒಯ್ದು ತೋರಿಸಿ. ಅದಕ್ಕೂ ಮೊದಲು ನಿಮ್ಮ ಊರಿನ ಅಜ್ಜಿಗೆ ತೋರಿಸಿ. ನಮಸ್ಕಾರ.